ಹಳೆಯ ಡೀಸೆಲ್ ಕಾರು: ಮಸಿ, ಆಯಿಲ್, ಘಾಟಿ

ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡಲು ಹೋದರೆ ಬ್ರೋಕರ್ ಬಾಯಿಂದ ಒಂದು ಮಾತು ಬರುವುದುಂಟು: ‘ಡಾಕ್ಟರ್ ಓಡಿಸಿದ ಗಾಡಿ ಸಾರ್, ಬರೀ ಐವತ್ತು ಸಾವಿರ ಆಗಿದೆ.’ ಪೆಟ್ರೋಲ್ ಕಾರಾದರೆ ಈ ಮಾತಿಗೆ ಒಂದಿಷ್ಟು ಬೆಲೆ ಕೊಡಬಹುದು. ಡೀಸೆಲ್ ಕಾರಿಗೆ ನಾನಂತೂ ಕೊಡಲಾರೆ. ಹತ್ತು ವರ್ಷ ಮನೆಗೂ ಕ್ಲಿನಿಕ್‌ಗೂ ಎರಡೆರಡು ಕಿಲೋಮೀಟರ್ ಓಡಾಡಿದ ಡೀಸೆಲ್ ಎಂಜಿನ್‌ಗಿಂತ, ಮೈಸೂರು–ಊಟಿ ರಸ್ತೆಯಲ್ಲಿ ಎರಡು ಲಕ್ಷ ಓಡಿ, ಹೊತ್ತುಹೊತ್ತಿಗೆ ಹೊಸ ಆಯಿಲ್ ಕಂಡ ಎಂಜಿನ್ ಒಳಗೆ ಹೆಚ್ಚು ಗಟ್ಟಿಯಾಗಿರಬಹುದು.

ನಮ್ಮ ಕಡೆ ಮಾರಾಟಕ್ಕೆ ಬರುವ ಮಾರುತಿ ಸ್ವಿಫ್ಟ್, ರಿಟ್ಜ್, ಟಾಟಾ ವಿಸ್ಟಾದ ಕ್ವಾಡ್ರಾಜೆಟ್, ಫಿಯೆಟ್ ಪುಂಟೊ ಡೀಸೆಲ್‌ಗಳನ್ನೇ ತೆಗೆದುಕೊಳ್ಳಿ. ಹೆಸರು ಬೇರೆ ಬೇರೆ, ಬಾನೆಟ್ ಎತ್ತಿದರೆ ಒಳಗೆ ಕೂತಿರುವುದು ಫಿಯೆಟ್ ವಿನ್ಯಾಸದ ಅದೇ 1,248 ಸಿಸಿ ಎಂಜಿನ್. ಸ್ವಿಫ್ಟ್‌ಗೆ ಅದು 2007ರಲ್ಲಿ ಬಂತು. 2010ರ ಜೂನ್‌ನಲ್ಲಿ ಪೆಟ್ರೋಲ್ ದರ ಸರ್ಕಾರದ ಹಿಡಿತದಿಂದ ಹೊರಬಿತ್ತು. ಡೀಸೆಲ್ ದರ ಪೂರ್ತಿ ಹೊರಬಿದ್ದದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ಆ ವರ್ಷಗಳಲ್ಲಿ ಡೀಸೆಲ್ ಕಾರಿಗೆ ಜನ ಮುಗಿಬಿದ್ದರು. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದಾಗ ಮಾರುತಿ ಕಂಪನಿ ಡೀಸೆಲ್ ಕಾರನ್ನೇ ಕೈಬಿಟ್ಟಿತು. ಆದ್ದರಿಂದ ಇಂದು ಕೈಗೆ ಸಿಗುವ ಡೀಸೆಲ್ ಸ್ವಿಫ್ಟ್ ಎಂದರೆ ಆ ದಿನಕ್ಕಿಂತ ಹಳೆಯದೇ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್ ಒಳಗೆ ಬಂದ ಗಾಳಿಯನ್ನು ಪಿಸ್ಟನ್ ಸುಮಾರು ಹದಿನೇಳನೇ ಒಂದು ಭಾಗಕ್ಕೆ ಅದುಮುತ್ತದೆ. ಆ ಒತ್ತಡಕ್ಕೆ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಇಂಜೆಕ್ಟರ್ ಬಹಳ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುತ್ತದೆ, ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಂಧನ ಮತ್ತು ಗಾಳಿ ಬೆರೆಯಲು ಸಿಗುವುದು ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತೂ ಅಲ್ಲ. ಆಮ್ಲಜನಕ ಸಾಲದ ಜಾಗದಲ್ಲಿ ಉರಿ ಅರ್ಧಂಬರ್ಧವಾಗಿ ಮಸಿ ಹುಟ್ಟುತ್ತದೆ, ಹಸಿ ಸೌದೆ ತುರುಕಿದ ಒಲೆಯಲ್ಲಿ ಆದಂತೆ. ಎಂಜಿನ್ ತಣ್ಣಗಿದ್ದಷ್ಟೂ ಮಸಿ ಹೆಚ್ಚು.

ಹುಟ್ಟಿದ ಮಸಿಯೆಲ್ಲ ಸೈಲೆನ್ಸರ್ ಮೂಲಕ ಹೊರಗೆ ಹೋಗುವುದಿಲ್ಲ. ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ತಗ್ಗಿಸಲು ಇಜಿಆರ್ ವಾಲ್ವ್ ಒಂದಿಷ್ಟು ಹೊಗೆಯನ್ನು ತಿರುಗಿ ಎಂಜಿನ್‌ಗೇ ಕಳಿಸುತ್ತದೆ. ಆ ಹೊಗೆಯ ಮಸಿ, ಒಳಗಿನ ಆಯಿಲ್ ಆವಿಯ ಜೊತೆ ಸೇರಿ, ಗಾಳಿ ಬರುವ ದಾರಿಯ ಗೋಡೆಗಳಿಗೆ ಡಾಂಬರಿನಂತೆ ಮೆತ್ತಿಕೊಳ್ಳುತ್ತದೆ. ದೂರ ಓಡುವ ಕಾರಿನಲ್ಲಿ ಎಂಜಿನ್ ಚೆನ್ನಾಗಿ ಕಾಯುವುದರಿಂದ ಇದು ನಿಧಾನ. ಕಾಯುವ ಮುಂಚೆಯೇ ನಿಲ್ಲುವ ಕಾರಿನಲ್ಲಿ ದಾರಿ ವರ್ಷದಿಂದ ವರ್ಷಕ್ಕೆ ಕಿರಿದಾಗಿ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಪಿಕಪ್ ಇಲ್ಲ, ಕಪ್ಪು ಹೊಗೆ, ಮೈಲೇಜ್ ಇಳಿಯಿತು ಎಂದು ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಹುಡುಕಬೇಕಾದ ಮೊದಲ ಜಾಗ ಇದು. ಬಿಎಸ್-6 ಡೀಸೆಲ್ ಕೊಳ್ಳುವವರಿಗಂತೂ ಇದರ ಮೇಲೆ ಹೊಗೆಯ ಫಿಲ್ಟರ್ ಬೇರೆ ಇದೆ. ಅದರ ಮಸಿ ಸುಟ್ಟುಹೋಗಬೇಕಾದರೆ ಬಿಸಿ ಏರುವಂತೆ ದೂರ ಓಡಲೇಬೇಕು.

ಎರಡನೆಯ ದೌರ್ಬಲ್ಯ ಆಯಿಲ್‌ಗೆ ಸಂಬಂಧಿಸಿದ್ದು. ಈ 1,248 ಸಿಸಿ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಚೈನ್ ಅಂದರೆ ಜೀವಮಾನವಿಡೀ ಮುಟ್ಟಬೇಕಿಲ್ಲ ಎಂದು ನಂಬಿ ಕೂರುವವರು ಬಹಳ. ಆದರೆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಒಟ್ಟು ಮೂರು ಲೀಟರ್ ಆಸುಪಾಸಿನ ಆಯಿಲ್‌ನಲ್ಲಿ ಒಂದು ಲೀಟರ್ ಕಡಿಮೆಯಾದರೂ ದೊಡ್ಡ ಕೊರತೆ. ಮಸಿ ತುಂಬಿದ ಹಳೆಯ ಆಯಿಲ್‌ನಲ್ಲಿ ಕೊಂಡಿಗಳು ಸವೆದು ಚೈನ್ ಉದ್ದವಾಗುತ್ತದೆ. ಅದು ಹಲ್ಲು ಹಾರಿದರೆ ವಾಲ್ವ್‌ಗೂ ಪಿಸ್ಟನ್‌ಗೂ ಡಿಕ್ಕಿ, ಅಲ್ಲಿಗೆ ಹೆಡ್ ಬಿಚ್ಚುವ ಕೆಲಸ.

ಟರ್ಬೊ ಬದುಕುವುದೂ ಅದೇ ಆಯಿಲ್ ಮೇಲೆ. ಅದರ ದಂಡ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ಆಯಿಲ್‌ನ ತೆಳುಪದರದ ಮೇಲೆ ತೇಲುತ್ತಾ. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧ 2009ರಿಂದ ಇದೆ. ಗೇಟು ಬೀಳುವ ಮುಂಚೆ ತಲುಪಬೇಕೆಂದು ಮದ್ದೂರು ಅಥವಾ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್‌ಗೆ ಗಾಡಿಯನ್ನು ದೌಡಾಯಿಸಿ ತಂದು, ನಿಲ್ಲಿಸಿದ ಕ್ಷಣವೇ ಕೀ ತಿರುಗಿಸಿದರೆ ಆಯಿಲ್ ಪಂಪು ನಿಲ್ಲುತ್ತದೆ. ಕಾದ ಟರ್ಬೊ ಒಳಗೆ ಸಿಕ್ಕಿಬಿದ್ದ ಆಯಿಲ್ ಸುಟ್ಟು ಕರಕಲಾಗುತ್ತದೆ. ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಟ್ಟರೆ ಸಾಕು, ಟರ್ಬೊಗೆ ಅದೇ ದೊಡ್ಡ ಉಪಕಾರ.

ಕ್ಲಚ್ ಪ್ಲೇಟ್ ಬೇಗ ಸುಡುವುದಕ್ಕೂ ಟರ್ಬೊಗೂ ನಂಟಿದೆ. ಸ್ವಿಫ್ಟ್ ಡೀಸೆಲ್‌ನ ಎಳೆಯುವ ಬಲ, 190 ನ್ಯೂಟನ್ ಮೀಟರ್, ಪೂರ್ತಿ ಸಿಗುವುದು ನಿಮಿಷಕ್ಕೆ 2,000 ಸುತ್ತಿನಲ್ಲಿ. ಅದಕ್ಕಿಂತ ಬಹಳ ಕೆಳಗೆ ಟರ್ಬೊ ನಿದ್ದೆಯಲ್ಲಿರುತ್ತದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಬರುವಾಗ ಏರಬೇಕು. ಮುಂದೆ ಲಾರಿ ತಿರುವಿನಲ್ಲಿ ನಿಂತರೆ ಹಿಂದಿನ ಕಾರಿನವರು ಎಂಜಿನ್ ಆಫ್ ಆಗದಂತೆ ಹಾಫ್ ಕ್ಲಚ್‌ನಲ್ಲೇ ಒದ್ದಾಡುತ್ತಾರೆ. ಘಾಟಿ ಓಡಿದ ಕಾರಾದರೆ ಏರಿನಲ್ಲಿ ಮೂರನೇ ಗೇರ್‌ಗೆ ಹಾಕಿ ಒಮ್ಮೆಲೇ ಆಕ್ಸಿಲರೇಟರ್ ತುಳಿಯಿರಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಮುಗಿದಿದೆ.

ಕ್ವಾರಿ ಕಡೆಯ ಮಣ್ಣುರಸ್ತೆಯಲ್ಲಿ ಓಡಿದ್ದರೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ ನೋಡಿ. ಫಿಲ್ಟರ್ ದಾಟಿದ ಪೈಪಿನೊಳಗೆ ಬೆರಳಾಡಿಸಿದಾಗ ಧೂಳು ತಾಗಿದರೆ ಆ ಕಾರು ಬೇಡ. ಮಣ್ಣಿನ ಸಿಲಿಕಾ ಟರ್ಬೊ ರೆಕ್ಕೆಯನ್ನೂ ಸಿಲಿಂಡರ್ ಗೋಡೆಯನ್ನೂ ಉಜ್ಜಿಹಾಕುತ್ತದೆ. ಡೀಸೆಲ್ ಎಂಜಿನ್ ಭಾರ ಹೆಚ್ಚು. ಆ ಭಾರ ಹೊತ್ತು ಬಂಡೀಪುರದ ಸಾಲು ಸಾಲು ಹಂಪ್ಸ್ ಹಾರಿದ ಕಾರಿನಲ್ಲಿ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್ ಕಟಕಟ ಎನ್ನುವುದು ಮಾಮೂಲು, ಖರ್ಚೂ ಕಡಿಮೆ. ಅದಕ್ಕೆ ಹೆದರಬೇಕಿಲ್ಲ.

ಕಾರು ನೋಡಲು ಬೆಳಿಗ್ಗೆಯೇ ಹೋಗಿ, ಬಾನೆಟ್ ಮುಟ್ಟಿ. ಬಿಸಿಯಿದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಸಂಜೆ ಆರಿದ ಮೇಲೆ ಬರುತ್ತೇನೆ ಎಂದು ಹೇಳಿ ಹೊರಡಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡುಗಳಲ್ಲಿ ಗಲಗಲ ಸದ್ದು ಬಂದರೆ ಚೈನ್ ಬಗ್ಗೆ ಅನುಮಾನಪಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಸಿಲಿಂಡರ್‌ಗೆ ಇಳಿಯುತ್ತಿರಬಹುದು, ಇಲ್ಲವೇ ಇಂಜೆಕ್ಟರ್ ಕೆಟ್ಟಿರಬಹುದು. ಇಂಜೆಕ್ಟರ್ ಬುಡದಲ್ಲಿ ಕಪ್ಪು ಗಟ್ಟಿ ಕಿಟ್ಟ ಕಂಡರೆ ವಾಷರ್ ಸೋರುತ್ತಿದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆಸಿ. ಹೊಗೆ ಬುಸುಬುಸು ಎಂದು ಮುಖಕ್ಕೆ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿವೆ, ಬೆಲೆ ಎಷ್ಟೇ ಇಳಿಸಿದರೂ ಒಪ್ಪಬೇಡಿ. ಇವೆಲ್ಲ ಸರಿಯಿದ್ದು, ಆಯಿಲ್ ಬದಲಿಸಿದ ಬಿಲ್ಲುಗಳೂ ಇದ್ದರೆ, ಮೀಟರ್‌ನಲ್ಲಿ ಒಂದೂವರೆ ಲಕ್ಷ ಕಂಡರೂ ಧೈರ್ಯವಾಗಿ ಮಾತಿಗೆ ಕೂರಬಹುದು. ನೋಂದಣಿಯ 15 ವರ್ಷ ಯಾವಾಗ ಮುಗಿಯುತ್ತದೆ ಎಂಬುದನ್ನು ಮಾತ್ರ ಆರ್‌ಸಿಯಲ್ಲಿ ನೋಡಿಕೊಂಡೇ ಬೆಲೆ ಹೇಳಿ.