ಕೆಂಪೆಲ್ಲ ಖಾರವಲ್ಲ

"ಸರ್, ಕೆಂಪು ಹೆಚ್ಚಿದ್ದರೆ ಖಾರವೂ ಹೆಚ್ಚಲ್ಲವೇ?" ತರಗತಿಯಲ್ಲಿ ಪ್ರತಿ ವರ್ಷ ಏಳುವ ಪ್ರಶ್ನೆ. ಹಾಗೇನಿಲ್ಲ. ಬಣ್ಣ ಕೊಡುವುದು ಕ್ಯಾಪ್ಸಾಂಥಿನ್, ಉರಿ ಹಚ್ಚುವುದು ಕ್ಯಾಪ್ಸೈಸಿನ್. ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೆಸರು ಹೊತ್ತ, ಸುಕ್ಕುಸಿಪ್ಪೆಯ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಮೊದಲನೆಯದು ಧಾರಾಳ, ಎರಡನೆಯದು ಹಿತಮಿತ. ಸಾರಿನ ಪುಡಿಗೆ, ಬಿಸಿಬೇಳೆಬಾತಿಗೆ, ಮಂಗಳೂರಿನ ಕೋರಿಗಸ್ಸಿಗೆ ಇದೇ ಬೇಕೆನ್ನುವುದು ಅದಕ್ಕೇ. ಸಣ್ಣ ಉರಿಯಲ್ಲಿ ಹುರಿಯಿರಿ. ಕಪ್ಪಾದರೆ ಬಣ್ಣವೂ ಹೋಯಿತು, ಕಹಿಯೂ ಬಂತು. ಮಕ್ಕಳಿಗೆಂದು ಖಾರ ತಗ್ಗಿಸಲು ಬೀಜ ಉದುರಿಸಿದರೆ ಸಾಲದು. ಬೀಜ ಅಂಟಿಕೊಂಡಿರುವ ಒಳತಿರುಳೇ ಖಾರದ ಮನೆ, ಅದನ್ನೂ ತೆಗೆಯಬೇಕು.

ಒಮ್ಮೆ ಹುಡುಗನೊಬ್ಬ ಒಗ್ಗರಣೆಯ ಗುಂಟೂರು ಮೆಣಸಿನಕಾಯಿಯನ್ನು ಬ್ಯಾಡಗಿಯೆಂದು ನಂಬಿ ಕಚ್ಚಿ ಅತ್ತುಬಿಟ್ಟ. ಗೆಳೆಯರು ಕುಡಿಸಿದ ನೀರಿನಿಂದ ಉರಿ ಇಳಿಯಲಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದೇ ಅಪರೂಪ. ಮೊಸರಿನ ಜಿಡ್ಡು, ಪ್ರೋಟೀನುಗಳು ಅದನ್ನು ಹಿಡಿದುಕೊಳ್ಳುತ್ತವೆ. ನನ್ನ ಡಬ್ಬಿಯ ಮೊಸರನ್ನ ತಿಂದ ಮೇಲೆ ಸುಧಾರಿಸಿಕೊಂಡ. (ಅಂದು ನನಗೆ ಅರ್ಧ ಊಟ!)