ವಾಚಕರೂ ಕವಿಮರ್ಯಾದೆಯೂ

ರಾಜ್ಯೋತ್ಸವವು ಸಮೀಪಿಸಿದಂತೆಲ್ಲ ನಮ್ಮ ಕಚೇರಿಗೆ ಕವಿಗಳು ಬರುವುದುಂಟು. ಹೊಸ ಕವಿತೆಯನ್ನು ತಂದಿದ್ದರೆ ನಮಗೆ ಸಂತೋಷವೇ. ಆದರೆ ಅವರ ಕೈಯಲ್ಲಿರುವುದು ಪ್ರಶಸ್ತಿಯ ಅರ್ಜಿ. ನಮ್ಮಿಂದ ಬೇಕಾಗಿರುವುದು ಎರಡು ಸಾಲಿನ ಶಿಫಾರಸು. ಸರಸ್ವತಿಯ ಉಪಾಸಕನಾದವನು ತನ್ನ ಯೋಗ್ಯತೆಯನ್ನು ತಾನೇ ಬರೆದುಕೊಂಡು ಬಾಗಿಲಿಂದ ಬಾಗಿಲಿಗೆ ಅಲೆಯುವುದನ್ನು ಕಂಡು ನಾವು ನಾಚಿದ್ದೇವೆ. ತಪ್ಪು ಅವನದೆಂದು ಹೇಳಲಾರೆವು. ಅವನ ಹೆಸರನ್ನು ಹೇಳಬೇಕಾದವರು ಅವನ ವಾಚಕರು. ಅವರು ಮೌನವಾಗಿರುವುದರಿಂದಲೇ ಅವನು ಬಾಯಿ ಬಿಡಬೇಕಾಗಿದೆ.

ಈ ಮೌನಕ್ಕೆ ಈಗ ನೆವವೂ ಉಳಿದಿಲ್ಲ. ಪದ್ಮ ಪ್ರಶಸ್ತಿಗಳಿಗೆ ಯಾವ ಪ್ರಜೆಯಾದರೂ ಅಂತರ್ಜಾಲದ ಮೂಲಕ ಹೆಸರನ್ನು ಸೂಚಿಸಲು 2016ರಲ್ಲಿ ಅನುಕೂಲವಾಯಿತು. ಸೂಚಿತರ ಸಾಧನೆಯನ್ನು 800 ಪದಗಳಿಗೆ ಮೀರದಂತೆ ವಿವರಿಸಿದರೆ ಸಾಕು. 2017ರಲ್ಲಿ ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಸಂದಿತು. ಹಾಡು ಅಚ್ಚಿನ ಪುಸ್ತಕದಲ್ಲಿರದೆ ಕಂಠದಲ್ಲಿದ್ದರೂ ಮರ್ಯಾದೆಗೆ ಅರ್ಹವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಪರದೇಶದ ಉದಾಹರಣೆಯೂ ಒಂದುಂಟು. ನೊಬೆಲ್ ಸಾಹಿತ್ಯ ಪಾರಿತೋಷಕಕ್ಕೆ ಹೆಸರನ್ನು ಸೂಚಿಸುವ ಹಕ್ಕು ಪ್ರಾಧ್ಯಾಪಕರು, ವಿದ್ವತ್ಪರಿಷತ್ತುಗಳ ಸದಸ್ಯರು, ಹಿಂದೆ ಬಹುಮಾನ ಪಡೆದವರು ಮೊದಲಾದವರಿಗೆ ಮಾತ್ರ. ತನ್ನನ್ನು ತಾನೇ ಸೂಚಿಸಿಕೊಳ್ಳುವುದು ನಿಷಿದ್ಧ. 2018ರಲ್ಲಿ ಸ್ವೀಡನ್ನಿನ ಆ ಅಕಾಡೆಮಿಯು ಒಳಜಗಳ ಅಪಕೀರ್ತಿಗಳಿಗೆ ಸಿಕ್ಕಿ ಪಾರಿತೋಷಕವನ್ನೇ ಕೊಡದೆ ಹೋದಾಗ, ಅಲ್ಲಿಯ ಸಾಹಿತ್ಯಾಭಿಮಾನಿಗಳು ಹೊಸದೊಂದು ಮಂಡಲಿಯನ್ನು ಕಟ್ಟಿದರು. ಗ್ರಂಥಪಾಲಕರು ಹೆಸರುಗಳನ್ನು ಸೂಚಿಸಿದರು, ವಾಚಕರು ಮತವಿತ್ತರು, ಕಡೆಯ ನಿರ್ಣಯವನ್ನು ತಜ್ಞರು ಮಾಡಿದರು. ಗ್ವಾಡೆಲೂಪ್ ಎಂಬ ದ್ವೀಪದ ಮರಿಸ್ ಕೊಂಡೆ ಎಂಬ ಲೇಖಕಿಗೆ ಮನ್ನಣೆ ದೊರೆಯಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮಹಾಜನರಿಗೆ ಇದನ್ನು ವಿಶೇಷವಾಗಿ ಅರಿಕೆ ಮಾಡಲು ಕಾರಣವುಂಟು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿಯು ತರುವಾಯ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಇಂತಹ ಊರಿನ ಕವಿಯನ್ನು ಹಳೆಯ ಜಿಲ್ಲೆಯು ಮರೆಯುವುದು ಸುಲಭ. ಹೊಸ ಜಿಲ್ಲೆಯು ಅರಿಯುವುದು ನಿಧಾನ. ಹೊನ್ನಾಳಿಯ ಹೊಡೆತವನ್ನು ನಾಡೆಲ್ಲ ಬಲ್ಲದು. ಹೊನ್ನಾಳಿಯ ಕವಿ ಯಾರೆಂದು ಕೇಳಿದರೆ ಹೊನ್ನಾಳಿಯವರೇ ಮುಖಮುಖ ನೋಡಿಕೊಳ್ಳುವರು.

ಹಿಂದೆ ಹೀಗಿರಲಿಲ್ಲ. ಜಗಳೂರಿನವರು ತಮ್ಮವನೆಂದು ಅಭಿಮಾನಪಡುವ ಮಹಲಿಂಗರಂಗನು ವೇದಾಂತವನ್ನು ತಿಳಿಗನ್ನಡದ ಷಟ್ಪದಿಯಲ್ಲಿ ಹೇಳಿದನು. ಅವನ ‘ಅನುಭವಾಮೃತ’ವು ಉಳಿದುದು ಯಾವ ಪರೀಕ್ಷಕರ ಬಿರುದಿನಿಂದಲೂ ಅಲ್ಲ, ಓದಿದವರು ಇನ್ನೊಬ್ಬರಿಗೆ ಓದಿಹೇಳಿದುದರಿಂದ. ಇನ್ನು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು 1739ರಲ್ಲಿ ಜನಿಸಿದ ಸಂತ ಸೇವಾಲಾಲರ ಜನ್ಮಸ್ಥಳ. ಅವರ ನುಡಿಗಳನ್ನು ಲಂಬಾಣಿ ತಾಂಡಾಗಳು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದಿವೆ. ಇಂದು ಅದೇ ತಾಂಡಾದ ಮುದುಕಿಯೊಬ್ಬಳು ರಾತ್ರಿಯೆಲ್ಲ ಹಾಡಬಲ್ಲಳಾದರೂ, ಅರ್ಜಿಯಲ್ಲಿ ‘ಪ್ರಕಟಿತ ಕೃತಿಗಳು’ ಎಂಬ ಅಂಕಣದೆದುರು ಏನನ್ನು ಬರೆಸುವಳು? ಅವಳ ಪರವಾಗಿ ಅಕ್ಷರಸ್ಥನು ಬರೆಯದಿದ್ದರೆ ಅವಳೊಡನೆ ಹಾಡೂ ಮಣ್ಣಾಗುವುದು.

ವಾಚಕರ ಕೈಗೆ ಈ ಅಧಿಕಾರವನ್ನು ಕೊಟ್ಟರೆ ಅದು ಪಂಗಡದ, ಜಾತಿಯ, ನೆಂಟಸ್ತಿಕೆಯ ಪಾಲಾಗುವುದೆಂದು ಕೆಲವರು ಆಕ್ಷೇಪಿಸುವರು. ಈ ಭಯವು ನಿರಾಧಾರವಲ್ಲ. ಒಂದೇ ಒಕ್ಕಣೆಯ, ಒಂದೇ ಕೈಬರಹದ ಹತ್ತಾರು ಶಿಫಾರಸು ಪತ್ರಗಳು ಒಂದೇ ಟಪಾಲಿನಲ್ಲಿ ಬಂದುದನ್ನು ನಾವೇ ಕಂಡಿದ್ದೇವೆ. ಚನ್ನಗಿರಿಯ ವರ್ತಕರು ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಇದು ರಾಶಿ, ಇದು ಬೆಟ್ಟೆ ಎಂದು ಬೆಲೆ ಕಟ್ಟುವರು. ಕಾವ್ಯಕ್ಕೆ ಮಾತ್ರ ಪುಸ್ತಕವನ್ನು ಬಿಚ್ಚದೆಯೇ ಬೆಲೆ ಕಟ್ಟಬಹುದೆ?

ಆದುದರಿಂದ ತಲೆಯೆಣಿಕೆಯು ಬೇಡ, ಕಾರಣವು ಬೇಕು ಎಂಬುದು ನಮ್ಮ ಮತ. ಸೂಚಿಸುವವನು ತಾನು ಓದಿದ ಪುಸ್ತಕವಾವುದು, ಮನಸ್ಸಿನಲ್ಲಿ ನಿಂತ ಕವಿತೆಯಾವುದು, ಅದು ನಿಂತುದೇಕೆ ಎಂಬುದನ್ನು ಸ್ವಂತ ಮಾತಿನಲ್ಲಿ ಬರೆದು ರುಜು ಹಾಕಲಿ. ಕವಿಯು ನೆಂಟನಾದರೆ ಹಾಗೆಂದು ಒಪ್ಪಿಕೊಳ್ಳಲಿ. ನಿರ್ಣಯಿಸುವವರು ಪತ್ರಗಳ ಸಂಖ್ಯೆಯನ್ನು ನೋಡದೆ, ಪತ್ರದಲ್ಲಿರುವ ವಿವೇಚನೆಯನ್ನು ನೋಡಲಿ. ಇಂತಹ ಒಂದು ಪತ್ರವು ನೂರು ಮೊಹರುಗಳಿಗಿಂತ ಹೆಚ್ಚು ತೂಗುವುದು.

ಈ ನಾಲ್ಕು ಊರುಗಳ ಉಪಾಧ್ಯಾಯರೂ ವಕೀಲರೂ ಸರ್ಕಾರಿ ನೌಕರರೂ ತಮ್ಮ ತಾಲ್ಲೂಕಿನ ಒಬ್ಬ ಕವಿಯ ಪುಸ್ತಕವನ್ನು ಈ ವರ್ಷ ಹಣ ಕೊಟ್ಟು ಕೊಳ್ಳಲಿ, ಅಥವಾ ಒಬ್ಬ ಹಾಡುಗಾರ್ತಿಯ ಬಳಿ ಕುಳಿತು ಹತ್ತು ಹಾಡುಗಳನ್ನು ಬರೆದುಕೊಳ್ಳಲಿ. ಸೂಚನೆಯ ಪತ್ರವನ್ನು ಆಮೇಲೆ ಬರೆಯಲಿ. ಪ್ರಶಸ್ತಿಯು ಬಾರದಿದ್ದರೂ ಕವಿಗೆ ಒಬ್ಬ ವಾಚಕನು ದೊರೆತಿರುವನು. ಅರ್ಜಿಯನ್ನು ಹಿಡಿದು ನಮ್ಮ ಬಾಗಿಲಿಗೆ ಬರುವ ಸಂಕಟವು ಅವನಿಗೆ ತಪ್ಪುವುದೆಂದು ನಾವು ನಂಬುತ್ತೇವೆ.