ಹಾಲು ಲೆಕ್ಕಕ್ಕುಂಟು, ಅಡಿಗೆ ಲೆಕ್ಕಕ್ಕಿಲ್ಲ

ತೊಪ್ಪೂರು ಕಣಿವೆಯ ಆಚೀಚೆ, ಧರ್ಮಪುರಿ ಸೇಲಂ ಜಿಲ್ಲೆಗಳಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮ ಕನ್ನಡ ಒಕ್ಕಲುಮನೆಗಳಲ್ಲಿ ಹೆಂಗಸರು ಕೋಳಿ ಕೂಗುವ ಹೊತ್ತಿಗೇ ಎದ್ದು ಕೆಲಸಕ್ಕೆ ತೊಡಗುವುದು ವಾಚಕರೆಲ್ಲರೂ ಬಲ್ಲ ಸಂಗತಿ. ಆ ದುಡಿಮೆಯಲ್ಲಿ ಎಷ್ಟು ಭಾಗ ದೇಶದ ಹುಟ್ಟುವಳಿಯ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಈ ಸಲ ನೋಡೋಣ.

ವರ್ಷವೊಂದರಲ್ಲಿ ದೇಶದಲ್ಲಾದ ಉತ್ಪತ್ತಿಗೆ ಬೆಲೆ ಕಟ್ಟಿ ಕೂಡಿಸಲು ವಿಶ್ವಸಂಸ್ಥೆಯವರು ಹಾಕಿಕೊಟ್ಟ ಪದ್ಧತಿಯೊಂದಿದೆ. ಅದರಂತೆ, ಎಮ್ಮೆ ಕರೆದ ಹಾಲು ಮಾರಾಟಕ್ಕೆ ಹೋಗದೆ ನಮ್ಮ ಮಕ್ಕಳ ಹೊಟ್ಟೆಗೇ ಹೋದರೂ ಉತ್ಪನ್ನವೇ. ಮನೆಯ ಖರ್ಚಿಗಿಟ್ಟ ರಾಗಿ, ಹೊತ್ತು ತಂದ ಸೌದೆ, ಸೇದಿ ತಂದ ನೀರು ಸಹ ಗೆರೆಯ ಒಳಗೇ. ಆದರೆ ಆ ನೀರು ಕಾಯಿಸಿ, ಆ ಹಿಟ್ಟು ಹಾಕಿ, ಆ ಸೌದೆಯುರಿಯಲ್ಲಿ ಮುದ್ದೆ ತೊಳಸಿದ ಕೂಡಲೇ ಗೆರೆ ದಾಟಿತು! ಅಡಿಗೆ, ಪಾತ್ರೆ, ಬಟ್ಟೆ, ಕೂಸಿನ ಆರೈಕೆ ಎಲ್ಲ ಹೊರಗೆ. ಅದೇ ಹೆಂಗಸು ಹೆದ್ದಾರಿಯ ಹೋಟಲಿನಲ್ಲಿ ಕೂಲಿಗೆ ಅಡಿಗೆ ಮಾಡಿದರೆ ಮತ್ತೆ ಒಳಗೆ.

ಇದಕ್ಕೆ ಬೆಲೆ ಕಟ್ಟುವುದು ಹೇಗೆಂಬುದು ಪಂಡಿತರ ತೊಡಕು. ಅಡಿಗೆಯವಳ ಸಂಬಳ ಹಿಡಿಯಬೇಕೆ, ಅಷ್ಟು ಹೊತ್ತು ಹೊಲದಲ್ಲಿ ದುಡಿದಿದ್ದರೆ ಬರುತ್ತಿದ್ದ ಕೂಲಿ ಹಿಡಿಯಬೇಕೆ? ಮೇಲಾಗಿ ಮನೆಗೆಲಸವನ್ನೂ ಸೇರಿಸಿದರೆ ನಿರುದ್ಯೋಗಿಯೆಂಬವನೇ ಉಳಿಯನೆಂಬುದು ಅವರ ಇನ್ನೊಂದು ವಾದ. ಇದರಲ್ಲಿ ಹುರುಳಿಲ್ಲವೆನ್ನಲಾರೆವು. ಆದರೆ ತಾಯಿ ಕಳೆ ಕೀಳುವ ಕೂಲಿಗೆ ಹೆಚ್ಚು ಹೊತ್ತು ಹೋದರೆ ಹುಟ್ಟುವಳಿ ಏರಿತೆಂದು ಬರೆಯುವವರು, ಮನೆಯಲ್ಲಿ ಕೂಸಿಗೆ ತಪ್ಪಿದ ಆರೈಕೆಯನ್ನು ಕಳೆದು ತೋರಿಸುವುದಿಲ್ಲ.

ಹೊತ್ತನ್ನಂತೂ ಅಳೆದಿದ್ದಾರೆ. ಕೇಂದ್ರ ಸರಕಾರದ 2024ರ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡಿದವರಲ್ಲಿ ಹೆಂಗಸರಿಗೆ ದಿನಕ್ಕೆ ಸರಾಸರಿ 289 ನಿಮಿಷ ಹಿಡಿದಿತ್ತು, ಗಂಡಸರಿಗೆ 88. ಮಕ್ಕಳು ಮುದುಕರ ಶುಶ್ರೂಷೆ ಇದರಲ್ಲಿ ಸೇರಿಲ್ಲ.

2023ರ ಸೆಪ್ಟೆಂಬರ್ 15ರಂದು ತಮಿಳುನಾಡು ಸರಕಾರ ಅರ್ಹ ಮನೆಗಳ ಯಜಮಾನಿಯರಿಗೆ ತಿಂಗಳಿಗೆ 1000 ರೂಪಾಯಿ ಕೊಡಲು ತೊಡಗಿ ಅದಕ್ಕೆ ‘ಉರಿಮೈ ತೊಗೈ’, ಎಂದರೆ ಹಕ್ಕಿನ ಹಣವೆಂದು ಹೆಸರಿಟ್ಟಿತು. ದಿನಕ್ಕೆ 33 ರೂಪಾಯಿ ಬಿತ್ತು. ಕೆಲಸಕ್ಕೆ ಕೊಟ್ಟ ಸಂಬಳವಲ್ಲದೆ ಸಹಾಯಧನವಾದ್ದರಿಂದ ಇಂಥ ಹಣವೂ ಹುಟ್ಟುವಳಿಗೆ ಸೇರದು. ಅದರಿಂದ ಕೊಂಡ ಸೋಪು, ಎಣ್ಣೆ ಸೇರುತ್ತವೆ.

ಅದೇ ವರ್ಷದ ಜೂನ್‌ನಲ್ಲಿ ಮದರಾಸು ಹೈಕೋರ್ಟಿನ ಮುಂದೆ ಒಂದು ದಾವೆ ಬಂದಿತ್ತು. ಗಂಡ ಹೊರದೇಶದಲ್ಲಿ ದುಡಿದು ಆಸ್ತಿ ಕೊಂಡವನು, ಹೆಂಡತಿ ಊರಲ್ಲಿ ಮನೆ ಮಕ್ಕಳನ್ನು ನೋಡಿಕೊಂಡವಳು. ಆಕೆಯ ಮನೆಗೆಲಸದಿಂದಲೇ ಆತ ಸಂಪಾದಿಸಲಾಯಿತು, ಆದುದರಿಂದ ಆಕೆಗೂ ಸಮಪಾಲುಂಟೆಂದು ತೀರ್ಪಾಯಿತು. ಹೊಸದಾಗಿ ಹೊಲ ಕೊಳ್ಳುವವರು ಕ್ರಯಪತ್ರದಲ್ಲಿ ಇಬ್ಬರ ಹೆಸರನ್ನೂ ಬರೆಸಿದರೆ ಕೋರ್ಟಿನ ಮೆಟ್ಟಿಲು ಹತ್ತುವ ಪ್ರಮೇಯ ಬಾರದು.